ಮುನ್ನೂಹೆಯ ಬರವಣಿಗೆ: ಪದಪಟ್ಟಿಗೆ ಸಿಗದ ಕನ್ನಡ

ಫೋನಿನ ಎಂಟು ಗುಂಡಿಗಳಲ್ಲಿ ಇಂಗ್ಲಿಷಿನ 26 ಅಕ್ಷರಗಳು ಕೂರಬೇಕಾದಾಗ ಒಂದೊಂದು ಗುಂಡಿಗೆ ಮೂರು ಇಲ್ಲವೆ ನಾಲ್ಕು ಅಕ್ಷರ ಬಂದವು. ‘ಎಸ್’ ಮೂಡಬೇಕಾದರೆ ಏಳನ್ನು ನಾಲ್ಕು ಸಲ ಒತ್ತಬೇಕಿತ್ತು. ಸಿಯಾಟಲ್‌ನ ಟೆಜಿಕ್ ಕಮ್ಯುನಿಕೇಷನ್ಸ್ 1990ರ ದಶಕದಲ್ಲಿ ರೂಪಿಸಿದ ಟಿ9 ಅಕ್ಷರಕ್ಕೆ ಒಂದೇ ಒತ್ತು ಸಾಕೆಂದಿತು. ಉಳಿದ ಗೊಂದಲವನ್ನು ಒಳಗಿನ ಪದಪಟ್ಟಿಗೆ ಬಿಟ್ಟಿತು. 4663 ಒತ್ತಿದರೆ ‘ಗುಡ್’, ‘ಹೋಮ್’, ‘ಗಾನ್’ ಮೂರೂ ಹೊಂದುತ್ತವೆ. ಬಳಕೆ ಹೆಚ್ಚಿರುವ ಪದ ಮೊದಲು ಕಾಣಿಸುತ್ತದೆ.

ಈ ಉಪಾಯ ಹುಟ್ಟಿದ್ದು ಫೋನಿಗಾಗಿ ಅಲ್ಲ. ಟೆಜಿಕ್‌ನ ಕ್ಲಿಫ್ ಕುಶ್ಲರ್ ಮತ್ತು ಮಾರ್ಟಿನ್ ಕಿಂಗ್ ಮೊದಲು ದುಡಿದದ್ದು ಮಾತನಾಡಲು, ಕೈಯಾಡಿಸಲು ಆಗದವರ ಸಾಧನಗಳ ಮೇಲೆ. ಕಣ್ಣಿನ ನೋಟದಿಂದ ಬರೆಯುವವರು ಖಚಿತವಾಗಿ ಸೂಚಿಸಬಲ್ಲ ದಿಕ್ಕುಗಳು ಕೆಲವೇ. ಹಾಗಾಗಿ ಒಂದು ದಿಕ್ಕಿಗೆ ಹಲವು ಅಕ್ಷರಗಳನ್ನು ಕಟ್ಟುವುದು ಅಲ್ಲಿ ಅನಿವಾರ್ಯವಾಗಿತ್ತು. ಕುಶ್ಲರ್ ಮುಂದೆ ರ‍್ಯಾಂಡಿ ಮಾರ್ಸ್ಡನ್ ಜೊತೆ ಸೇರಿ ಬೆರಳು ಎಳೆದು ಬರೆಯುವ ಸ್ವೈಪ್ ರೂಪಿಸಿದರು. ಮಾರ್ಸ್ಡನ್ ಕೂಡ ಅಂಗವಿಕಲರ ಸಾಧನಗಳ ಕ್ಷೇತ್ರದವರೇ. ಈ ವಂಶಾವಳಿಯನ್ನು ಮೊಬೈಲಿನ ಚರಿತ್ರೆಯಲ್ಲಿ ಅಡಿಟಿಪ್ಪಣಿಗೆ ತಳ್ಳುವುದು ಅನ್ಯಾಯ.

ಟಿ9ರ ಯಶಸ್ಸನ್ನು ಅಳೆದವರಲ್ಲಿ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಸ್ಕಾಟ್ ಮೆಕೆಂಜಿ ಪ್ರಮುಖರು. ಒಂದು ಅಕ್ಷರ ಮೂಡಲು ಸರಾಸರಿ ಎಷ್ಟು ಒತ್ತು ಬೇಕು ಎಂಬುದು ಅವರ 2002ರ ಮಾನದಂಡ. ಇಂಗ್ಲಿಷಿಗೆ ಹಳೆಯ ಪದ್ಧತಿಯಲ್ಲಿ ಸುಮಾರು 2.03, ಟಿ9ನಲ್ಲಿ ಸುಮಾರು 1.007. ಬೆರಗಾಗಿಸುವ ಅಂಕಿಯೇ ಸರಿ. ಆದರೆ ಬರೆಯುವ ಪದವೆಲ್ಲ ಪಟ್ಟಿಯಲ್ಲಿ ಇದ್ದೇ ಇರುತ್ತದೆ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ.

ಕನ್ನಡದಲ್ಲಿ ಆ ನೆಲೆ ಕುಸಿಯುತ್ತದೆ. ‘ಮನೆ’ ಪಟ್ಟಿಯಲ್ಲಿ ಸಿಗುತ್ತದೆ. ‘ಮನೆಯಲ್ಲಿದ್ದವರಿಗೂ’ ಸಿಗುವುದು ಕಷ್ಟ. ಕನ್ನಡಿಗರು ಇಂಥ ರೂಪಗಳನ್ನು ನೆನಪಿನಿಂದ ಎತ್ತಿಕೊಳ್ಳುವುದಿಲ್ಲ, ಆಡುವಾಗಲೇ ಪ್ರತ್ಯಯ ಸೇರಿಸಿ, ಸಂಧಿ ಮಾಡಿ ಕಟ್ಟುತ್ತಾರೆ. ಪಟ್ಟಿ ಎಷ್ಟು ಬೆಳೆದರೂ ಇದಕ್ಕೆ ಸಾಲದು. ಇನ್ನೊಂದು ತೊಡಕು ಮಾನದಂಡದಲ್ಲೇ ಇದೆ: ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡ್‌ನಲ್ಲಿ ಆರು ಸಂಕೇತ. ಒತ್ತುಗಳನ್ನು ಯಾವುದರಿಂದ ಭಾಗಿಸಬೇಕು?

ಪದವನ್ನು ಬಿಟ್ಟು ಮುಂದಿನ ಅಕ್ಷರವನ್ನು ಊಹಿಸುವ ದಾರಿಗೂ ಹಳೆಯ ಬುನಾದಿಯಿದೆ. ಹಿಂದಿನ ಅಕ್ಷರಗಳನ್ನು ಬಲ್ಲ ಓದುಗ ಮುಂದಿನದನ್ನು ಬಹುಪಾಲು ಊಹಿಸಬಲ್ಲನೆಂದು ಕ್ಲಾಡ್ ಶಾನನ್ 1951ರಲ್ಲೇ ತೋರಿಸಿದ್ದರು. ಕೇಂಬ್ರಿಜ್‌ನ ಡೇವಿಡ್ ವಾರ್ಡ್ ಮತ್ತು ಡೇವಿಡ್ ಮೆಕೆಯವರ ಡ್ಯಾಶರ್ ಇದನ್ನೇ ತೆರೆಯ ಮೇಲೆ ತಂದಿತು: ಸಂಭವ ಹೆಚ್ಚಿದ್ದಷ್ಟೂ ಅಕ್ಷರದ ಚೌಕ ದೊಡ್ಡದು, ಬರೆಯುವವರು ನೋಟದಿಂದಲೇ ಅದರತ್ತ ಸಾಗಬಹುದು. ಭಾರತೀಯ ಭಾಷೆಗಳಿಗೆ ನೊಯ್ಡಾದ ಲೂನಾ ಎರ್ಗಾನಾಮಿಕ್ಸ್ ಮಾಡಿದ ಪಾಣಿನಿ ಕೀಪ್ಯಾಡ್ ಕೂಡ ಈ ಜಾಡಿನದು. ಪ್ರತಿ ಒತ್ತಿನ ನಂತರ, ಮುಂದೆ ಬರಬಹುದಾದ ಅಕ್ಷರಗಳನ್ನು ಅದು ಗುಂಡಿಗಳ ಮೇಲೆ ಹೊಸದಾಗಿ ಜೋಡಿಸುತ್ತದೆ, ನಿಘಂಟಿನ ಹಂಗಿಲ್ಲ. ಬೆರಳಿಗೆ ಗುಂಡಿಯ ಜಾಗ ರೂಢಿಯಾಗದೆ ಪ್ರತಿ ಸಲವೂ ಕಣ್ಣಾಡಿಸಬೇಕಾದದ್ದು ಇದಕ್ಕೆ ತೆರುವ ಬೆಲೆ. ಆದರೂ ಕನ್ನಡದ ಜಾಯಮಾನಕ್ಕೆ ಈ ದಾರಿಯೇ ಹತ್ತಿರವೆಂಬುದು ಈ ಲೇಖಕನ ನಿಲುವು. ಅದನ್ನು ಪರೀಕ್ಷಿಸಲು ಪಟ್ಟಿಯೊಳಗಿನ ಪದಗಳಿಗೂ ಹೊರಗಿನ ಪ್ರತ್ಯಯಸಹಿತ ರೂಪಗಳಿಗೂ ಒತ್ತಿನ ಲೆಕ್ಕವನ್ನು ಬೇರೆಬೇರೆಯಾಗಿ, ಕಣ್ಣಿಗೆ ಕಾಣುವ ಅಕ್ಷರವನ್ನೇ ಘಟಕವಾಗಿಟ್ಟುಕೊಂಡು ಮಾಡಬೇಕು.