ಕೇಬಲ್‌ನ ಎರಡು ತುದಿಗಳು: ಕಛೇರಿ ವೇದಿಕೆಯ ಧ್ವನಿವ್ಯವಸ್ಥೆಯಲ್ಲಿ ಕೇಬಲ್ ಮತ್ತು ಕನೆಕ್ಟರ್ ಆಯ್ಕೆ

ಆಡಿಯೋ ಕೇಬಲ್ ಕೊಳ್ಳುವಾಗ ತಾಮ್ರದ ಶುದ್ಧತೆಯ ಬಗ್ಗೆ ಬಹಳ ಚರ್ಚೆಯಾಗುತ್ತದೆ. ಆದರೆ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಕೇಬಲ್‌ನ ಎರಡು ತುದಿಗಳಲ್ಲಿರುವ ಉಪಕರಣಗಳ ಇಂಪೀಡೆನ್ಸ್ ಮತ್ತು ಸಿಗ್ನಲ್‌ನ ಮಟ್ಟ. ಕರ್ನಾಟಕ ಸಂಗೀತದ ಕಛೇರಿ ವೇದಿಕೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಇಲ್ಲಿ ಪರಿಶೀಲಿಸಲಾಗಿದೆ.

ವೀಣೆಗೆ ಅಂಟಿಸುವ ಪೀಜೋ ಕಾಂಟ್ಯಾಕ್ಟ್ ಮೈಕ್‌ನ ಇಂಪೀಡೆನ್ಸ್ ಬಹಳ ಹೆಚ್ಚು. ಅದನ್ನು ಮಿಕ್ಸರ್‌ನ 10 ಕಿಲೋ ಓಮ್ ಲೈನ್ ಇನ್‌ಪುಟ್‌ಗೆ ನೇರವಾಗಿ ಜೋಡಿಸಿದರೆ ಮಂದ್ರ ಸ್ಥಾಯಿ ಸೊರಗುತ್ತದೆ, ಮೀಟಿನ ಸದ್ದು ಕಿವಿಗೆ ಚುಚ್ಚುತ್ತದೆ. ಎಷ್ಟೇ ದುಬಾರಿ ಕೇಬಲ್ ತಂದರೂ ಇದು ಸರಿಹೋಗದು. 1 ಮೆಗಾ ಓಮ್ ಅಥವಾ ಅದಕ್ಕೂ ಹೆಚ್ಚಿನ ಇನ್‌ಪುಟ್ ಇಂಪೀಡೆನ್ಸ್ ಇರುವ ಆಕ್ಟಿವ್ ಡಿಐ ಬಾಕ್ಸನ್ನು ಕಲಾವಿದರ ಪಕ್ಕದಲ್ಲೇ ಇಡಬೇಕು. ಅಲ್ಲಿಯವರೆಗೆ ಗಿಡ್ಡ ಶೀಲ್ಡೆಡ್ ಕೇಬಲ್, ಅಲ್ಲಿಂದ ಮಿಕ್ಸರ್‌ವರೆಗೆ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್.

ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿ ಹೊಸೆದ ಎರಡು ತಂತಿಗಳಿರುತ್ತವೆ. ವಿದ್ಯುತ್ ಲೈನಿನ 50 ಹರ್ಟ್ಸ್ ಗುಂಯ್ ಸದ್ದು ಎರಡರ ಮೇಲೂ ಸಮನಾಗಿ ಕೂರುತ್ತದೆ; ಇನ್‌ಪುಟ್ ಅವುಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಸಮನಾಗಿದ್ದದ್ದು ಅಳಿಸಿಹೋಗುತ್ತದೆ. 200 ಓಮ್ ಮೈಕ್‌ಗೆ ಮೀಟರಿಗೆ 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್‌ನ ಕೇಬಲನ್ನು 100 ಮೀಟರ್ ಎಳೆದರೂ ತಾರ ಧ್ವನಿಗಳು ಕುಗ್ಗತೊಡಗುವುದು ಸುಮಾರು 80 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ, ಅಂದರೆ ಕಿವಿಯ ಮಿತಿಗಿಂತ ಬಹಳ ಮೇಲೆ.

ಇಷ್ಟಾದರೂ ಗುಂಯ್ ಸದ್ದು ಉಳಿದರೆ ಉಪಕರಣದ ಒಳಗೆ ನೋಡಬೇಕು. ಎಕ್ಸ್‌ಎಲ್‌ಆರ್‌ನ 1ನೇ ಪಿನ್ನಿಗೆ ಬರುವ ಶೀಲ್ಡ್, ಒಳಹೊಕ್ಕ ಜಾಗದಲ್ಲೇ ಲೋಹದ ಕವಚಕ್ಕೆ ಸೇರಬೇಕು. ಅದು ಸರ್ಕ್ಯೂಟ್ ಬೋರ್ಡಿನ ಗ್ರೌಂಡ್‌ಗೆ ಸೇರಿದ್ದರೆ ಶೀಲ್ಡ್‌ನಲ್ಲಿ ಹರಿಯುವ ಕರೆಂಟು ಸಿಗ್ನಲ್‌ಗೂ ನುಸುಳುತ್ತದೆ. ಆಡಿಯೋ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲಿ ವಿವರಿಸಿದ ದೋಷ ಇದೇ. ಇದಕ್ಕೆ ಪರಿಹಾರವೆಂದು ಆಂಪ್ಲಿಫೈಯರ್ ಪ್ಲಗ್ಗಿನ ಅರ್ತ್ ಪಿನ್ ಕೀಳುವುದು ಕೆಲವೆಡೆ ನಡೆಯುತ್ತದೆ. ಮೈಕ್ ಹಿಡಿದವರ ಜೀವಕ್ಕೇ ಸಂಚಕಾರ ತರಬಲ್ಲ ಈ ರೂಢಿಯನ್ನು ಸಂಘಟಕರು ಖಂಡಿತ ತಡೆಯಬೇಕು.

ಸ್ಪೀಕರ್ ಕೇಬಲ್‌ನಲ್ಲಿ ಮಾತ್ರ ತಾಮ್ರದ ದಪ್ಪವೇ ಮುಖ್ಯ. 20 ಮೀಟರ್ ದೂರಕ್ಕೆ 0.75 ಚದರ ಮಿಮೀ ತಂತಿ ಎಳೆದರೆ ಹೋಗಿಬರುವ ದಾರಿಯ ರೆಸಿಸ್ಟೆನ್ಸ್ ಸುಮಾರು 0.92 ಓಮ್, 4 ಓಮ್ ಸ್ಪೀಕರ್‌ಗೆ ಹೋಗಬೇಕಾದ ಶಕ್ತಿಯಲ್ಲಿ ಶೇ. 19ರಷ್ಟು ಕೇಬಲ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. 2.5 ಚದರ ಮಿಮೀ ತಂತಿಯಲ್ಲಿ ಈ ನಷ್ಟ ಶೇ. 6ರ ಸುಮಾರಿಗೆ ಇಳಿಯುತ್ತದೆ. ಹಾಗೆಯೇ ಇಲ್ಲಿ 6.35 ಮಿಮೀ ಜ್ಯಾಕ್ ಬೇಡ: ಗಿಟಾರಿನ ತೆಳು ಕೇಬಲ್ಲೂ ಅದಕ್ಕೆ ಹೊಂದುವುದರಿಂದ ಅವಸರದಲ್ಲಿ ಅದಲುಬದಲಾಗುತ್ತದೆ, ಚುಚ್ಚುವಾಗ ಕ್ಷಣಕಾಲ ಶಾರ್ಟ್ ಕೂಡ ಆಗಬಹುದು. ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್‌ನಲ್ಲಿ ಈ ಎರಡು ತೊಂದರೆಯೂ ಇಲ್ಲ.