ಸುಗಂಧವರ್ತಿಯಿಂದ ಕಿತ್ತೂರಿಗೆ: ಮಲಪ್ರಭೆಯ ದಂಡೆಯಲ್ಲಿ ಇತಿಹಾಸದ ಶೋಧ

2024ರ ಅಕ್ಟೋಬರಿಗೆ ಬ್ರಿಟಿಷರ ಮೇಲಿನ ಕಿತ್ತೂರು ವಿಜಯಕ್ಕೆ ಇನ್ನೂರು ವರ್ಷ ತುಂಬಿದವು. ಆ ನಿಮಿತ್ತ ಬಂದ ಲೇಖನ, ಭಾಷಣ, ವಿಶೇಷ ಸಂಚಿಕೆಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಿಗೆ 1824ಕ್ಕಿಂತ ಹಿಂದೆ ಇತಿಹಾಸವೇ ಇರಲಿಲ್ಲ ಎಂಬಂತೆ ಬರೆಯುವುದು ಈಗ ರೂಢಿಯಾಗಿದೆ. 2021ರಲ್ಲಿ ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂದು ಹೆಸರಿಟ್ಟ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ಹೆಸರು ಯೋಗ್ಯವಾದದ್ದೇ, ಕಿತ್ತೂರಿನ ರಾಣಿ ಚೆನ್ನಮ್ಮನ ಮೇಲಿನ ಅಭಿಮಾನ ಈ ಸೀಮೆಯಲ್ಲಿ ಯಾರಿಗೂ ಕಡಿಮೆಯಿಲ್ಲ, ನನಗಂತೂ ಇಲ್ಲವೇ ಇಲ್ಲ. ಆದರೆ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಎಣಿಸಿದ ನಾಲ್ಕು ಊರುಗಳಲ್ಲಿ ಒಂದಾದ ಒಂಕುಂದ, ಬೈಲಹೊಂಗಲ ತಾಲ್ಲೂಕಿನ ಇಂದಿನ ಒಕ್ಕುಂದ. ಒಂಬತ್ತನೆಯ ಶತಮಾನದಲ್ಲಿ ಕನ್ನಡದ ನಡುನಾಡಿನ ಗುರುತಾಗಿದ್ದ ನೆಲವನ್ನು ಒಂದೇ ಇಸವಿಯೊಳಗೆ ಕಟ್ಟಿಹಾಕುವುದು ಚೆನ್ನಮ್ಮನಿಗೂ ಗೌರವ ತರುವಂಥದ್ದಲ್ಲ. ಈ ನೆಲವನ್ನು ಯಾರು ಓದಿದರು, ಹೇಗೆ ಓದಿದರು, ಏನು ಉಳಿದುಹೋಯಿತು ಎಂಬುದನ್ನು ಒಮ್ಮೆ ಒಟ್ಟಾಗಿ ನೋಡಬೇಕಾಗಿದೆ.

ಮೊದಲ ಹೆಸರು ವಾಲ್ಟರ್ ಎಲಿಯಟ್. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಗುಂಡಿಗೆ ಬಿದ್ದಾಗ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಸ್ಟೀವನ್ಸನ್, ಇನ್ನೊಬ್ಬ ಈ ಎಲಿಯಟ್. ಆಗ ಅವನಿಗೆ ಇಪ್ಪತ್ತೊಂದರ ಪ್ರಾಯ. ಚೆನ್ನಮ್ಮ ಸೆರೆಯಾಳುಗಳ ಜೀವ ತೆಗೆಯಲಿಲ್ಲ, ಬಿಟ್ಟು ಕಳಿಸಿದಳು. ಅದೇ ಎಲಿಯಟ್ ಮುಂದೆ ಈ ಭಾಗದ ಊರೂರುಗಳಿಂದ 595 ಶಾಸನಗಳ ನಕಲು ಮಾಡಿಸಿದ. 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಆಧಾರದ ಮೇಲೆ ಚಾಲುಕ್ಯರ ಇತಿಹಾಸದ ಮೊದಲ ಚೌಕಟ್ಟನ್ನು ಕಟ್ಟಿದ. ಕನ್ನಡ ಶಾಸನಶೋಧಕ್ಕೆ ಅಡಿಪಾಯ ಹಾಕಿದವನ ಪ್ರಾಣ ಉಳಿದದ್ದು ಕಿತ್ತೂರಿನ ರಾಣಿಯ ಔದಾರ್ಯದಿಂದ. ಇನ್ನೂರನೆಯ ವರ್ಷದ ಯಾವ ಭಾಷಣದಲ್ಲೂ ಈ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಎಲಿಯಟ್ ಸಂಗ್ರಹಿಸಿದ್ದು ಕಣ್ಣಳತೆಯ ಕೈನಕಲುಗಳನ್ನು. ನಂಬುವಂಥ ಪಾಠಗಳು ಬಂದದ್ದು ಜೆ.ಎಫ್. ಫ್ಲೀಟ್ ಅವರಿಂದ. 1867ರಲ್ಲಿ ಮುಂಬೈ ಇಲಾಖೆಯ ನೌಕರಿಗೆ ಬಂದ ಫ್ಲೀಟ್, ಕೆಲವೇ ವರ್ಷಗಳಲ್ಲಿ ಸವದತ್ತಿಯ ರಟ್ಟರ ಶಾಸನಗಳನ್ನು ಮುಂಬೈ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ, ಅದು ರಟ್ಟರ ರಾಜಧಾನಿ, ಅಲ್ಲಿ 980ರಲ್ಲಿ ಶಾಂತಿವರ್ಮ ಬಸದಿ ಕಟ್ಟಿಸಿದ, ರಟ್ಟರು ಆಮೇಲೆ ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ನೆಲೆ ಬದಲಿಸಿದರು. ಇವತ್ತು ಶಾಲೆಯ ಪುಸ್ತಕದಲ್ಲಿ ಎರಡು ಸಾಲಾಗಿ ಬರುವ ಈ ಎಲ್ಲ ಸಂಗತಿಗಳಿಗೂ ಆಧಾರ ಆ ಪುಟಗಳು. ಕಿತ್ತೂರಿನ ಹತ್ತಿರದ ದೇಗಾಂವದ ಕಮಲನಾರಾಯಣ ಗುಡಿಯ ಶಾಸನಗಳನ್ನೂ ಓದಿ ಕೊಟ್ಟವರು ಅವರೇ. ಗೋವೆಯ ಕದಂಬ ಪೆರ್ಮಾಡಿಯ ರಾಣಿ ಕಮಲಾದೇವಿಯ ಹೆಸರು ಹೊತ್ತ 1174ರ ಆ ಬರಹವನ್ನು ಕನ್ನಡ ಲಿಪಿಯಲ್ಲೂ ನಾಗರಿಯಲ್ಲೂ ಕೊರೆಸಲಾಗಿದೆ. ಗಡಿಸೀಮೆಯ ಓದುಗರು ಎರಡೂ ಬಗೆಯವರಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕರ್ನಾಟಕ-ಮಹಾರಾಷ್ಟ್ರ ಗಡಿ ವಾದದಲ್ಲಿ ಎರಡೂ ಕಡೆಯವರು ಕೂಗಾಡುವಾಗ ಈ ಕಲ್ಲಿನ ಮುಂದೆ ಒಂದು ಗಳಿಗೆ ನಿಂತು ಬರುವುದು ಒಳ್ಳೆಯದು.

ಫ್ಲೀಟ್ ಕಲ್ಲಿಗಷ್ಟೇ ಅಂಟಿಕೊಂಡವರಲ್ಲ. ಸಂಗೊಳ್ಳಿ ರಾಯಣ್ಣನ ಲಾವಣಿ, ಬೈಲಹೊಂಗಲದ ಸಂಗ್ಯಾನ ಕೊಲೆಯ ಲಾವಣಿ, ಹಲಗಲಿ ಬೇಡರ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. 1831ರಲ್ಲಿ ನಂದಗಡದಲ್ಲಿ ತಮ್ಮದೇ ಸರ್ಕಾರ ಗಲ್ಲಿಗೇರಿಸಿದ ರಾಯಣ್ಣನ ಹಾಡನ್ನು ಅದೇ ಸರ್ಕಾರದ ಅಧಿಕಾರಿ ಬರೆದುಕೊಂಡದ್ದು ಸಣ್ಣ ಮಾತಲ್ಲ.

ಫ್ಲೀಟ್ 1917ರಲ್ಲಿ ತೀರಿಕೊಂಡ ಮೇಲೆ, ಶಾಸನಗಳ ಮೇಲೆ ಕಾಗದ ಒತ್ತಿ ತೆಗೆದ ಅವರ ಪಡಿಯಚ್ಚುಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು. ಸವದತ್ತಿ ತಾಲ್ಲೂಕಿನ ಹೂಲಿಯ ಶಾಸನಗಳನ್ನು ಎಲ್.ಡಿ. ಬಾರ್ನೆಟ್ ಲಂಡನ್ನಿನಲ್ಲಿ ಕುಳಿತೇ ‘ಎಪಿಗ್ರಾಫಿಯಾ ಇಂಡಿಕಾ’ಕ್ಕೆ ಸಂಪಾದಿಸಿದರು. ವಿದ್ವತ್ತಿಗೆ ಕೊರತೆಯಿಲ್ಲ, ಆದರೆ ಆ ಪುಟಗಳಲ್ಲಿ ಊರು ಕಾಣುವುದಿಲ್ಲ. ಕಲ್ಲು ಯಾವ ಗುಡಿಯ ಯಾವ ಬದಿಗಿದೆ, ಅದರಲ್ಲಿ ಹೇಳಿದ ಕೆರೆ ಈಗ ಯಾವ ಹೊಲವಾಗಿದೆ, ದಾನದ ಭೂಮಿಯ ಎಲ್ಲೆಗಲ್ಲು ನಿಂತಿದೆಯೋ ಇಲ್ಲವೋ, ಇವೆಲ್ಲ ಕಾಗದದ ಮೇಲೆ ಮೂಡುವುದಿಲ್ಲ. ಹೆನ್ರಿ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ ತಂದ ದೊಡ್ಡ ಗ್ರಂಥ ಗುಡಿಗಳನ್ನು ನೋಡುವ ಕಣ್ಣು ಕೊಟ್ಟಿತು. ಅಲ್ಲೂ ಊರಿನ ಜನರಿಲ್ಲ.

ಜನ ಬಂದದ್ದು ಧಾರವಾಡದಿಂದ. ಆಲೂರ ವೆಂಕಟರಾಯರ 1917ರ ‘ಕರ್ನಾಟಕ ಗತವೈಭವ’ ಕೊಟ್ಟ ಹುರುಪಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಅದನ್ನಿಲ್ಲಿ ಬೆಳೆಸುವುದಿಲ್ಲ. ನಿಜವಾದ ತಿರುವು 1939. ಆ ವರ್ಷ ಕನ್ನಡ ಸಂಶೋಧನ ಸಂಸ್ಥೆ ಧಾರವಾಡದಲ್ಲಿ ತೆರೆಯಿತು, ಆರ್.ಎಸ್. ಪಂಚಮುಖಿ ಅದರ ಚುಕ್ಕಾಣಿ ಹಿಡಿದರು. ಹಳ್ಳಿಗೆ ಹೋಗಿ, ಊರಿನವರನ್ನು ಕೇಳಿ, ಕಲ್ಲನ್ನು ತೊಳೆದು ಓದುವ ಪದ್ಧತಿ ಅಲ್ಲಿ ಬೇರೂರಿತು. ಪಿ.ಬಿ. ದೇಸಾಯಿಯವರು ರಾಮದುರ್ಗ ತಾಲ್ಲೂಕಿನ ಗೊಡಚಿಯ ತಾಮ್ರಪಟವನ್ನು ಪ್ರಕಟಿಸಿದಾಗ ಈ ಸೀಮೆಯ ಲಿಖಿತ ಇತಿಹಾಸ 578ಕ್ಕೆ, ಬಾದಾಮಿಯ ಒಂದನೆಯ ಕೀರ್ತಿವರ್ಮನ ಕಾಲಕ್ಕೆ ಹಿಂದೆ ಸರಿಯಿತು. ಆ ಪಟದಲ್ಲಿ ರಾಜ ಕತ್ತಿಯರಸ ಎಂಬ ಕನ್ನಡದ ಹೆಸರಿನಿಂದಲೇ ಬರುತ್ತಾನೆ. ವೀರಭದ್ರನ ಜಾತ್ರೆಗೆಂದು ಗೊಡಚಿಗೆ ಹೋಗುವ ಸಾವಿರಾರು ಜನರಿಗೆ ಈ ಮಾತು ತಿಳಿಸುವ ಒಂದು ಫಲಕವನ್ನು ಆ ಊರಲ್ಲಿ ನಾನು ಕಂಡಿಲ್ಲ.

ನಮ್ಮ ತಲೆಮಾರು ಬೆಳೆದದ್ದು ಈ ಪದ್ಧತಿಯಲ್ಲೇ. ಪಡಿಯಚ್ಚು ತೆಗೆಯುವುದನ್ನು ಪುಸ್ತಕದಿಂದ ಕಲಿಯಲಾಗದು. ಮೊದಲು ಕಲ್ಲಿನ ಮೇಲಿನ ಎಣ್ಣೆಯ ಜಿಡ್ಡು, ಸುಣ್ಣ, ಪಾಚಿಯನ್ನು ನೀರು ಹಾಕಿ ಬ್ರಶ್ಶಿನಿಂದ ಉಜ್ಜಬೇಕು. ಒದ್ದೆ ಕಾಗದ ಹಾಸಿ, ಅಕ್ಷರದ ಕೊರೆತದೊಳಗೆ ಅದು ಇಳಿಯುವಂತೆ ಬ್ರಶ್ಶಿನಿಂದ ಹದವಾಗಿ ಬಡಿಯಬೇಕು. ಅರ್ಧ ಒಣಗಿದಾಗ ಮಸಿಯ ಉಂಡೆ ಒತ್ತಬೇಕು. ಹೊತ್ತು ಮೀರಿದರೆ ಕಾಗದ ಕಳಚಿ ಬೀಳುತ್ತದೆ, ಅವಸರ ಮಾಡಿದರೆ ಮಸಿ ಅಕ್ಷರದೊಳಗೆ ಹರಡುತ್ತದೆ. ಕಪ್ಪಿನ ನಡುವೆ ಬೆಳ್ಳಗೆ ಅಕ್ಷರ ಮೂಡುವಾಗ ಸುತ್ತ ನೆರೆದ ಊರಿನ ಹಿರಿಯರು ತಮ್ಮ ಕಲ್ಲನ್ನು ಮೊದಲ ಬಾರಿ ಓದಿಸಿಕೊಂಡು ಕೇಳುತ್ತಿದ್ದರು. ಮರುವರ್ಷ ಹೋದರೆ ಅದೇ ಹಿರಿಯರು ‘ಹಾಳಗುಡಿಯಾಗ ಇನ್ನೊಂದು ಅಕ್ಷರದ ಕಲ್ಲ ಐತ್ರಿ ಸರ’ ಎಂದು ತಾವಾಗಿಯೇ ಕರೆದೊಯ್ಯುತ್ತಿದ್ದರು. ನಮ್ಮ ಪರಂಪರೆಯ ರಕ್ಷಣೆ ನಡೆದದ್ದು ಬಹುಪಾಲು ಹೀಗೆ, ಓದಿ ಹೇಳಿದ್ದರಿಂದ. ಊರಿನವರಿಗೆ ಅರ್ಥವಾದ ಕಲ್ಲನ್ನು ಊರಿನವರು ಒಡೆಯುವುದಿಲ್ಲ.

ಈ ಶಾಲೆಗೆ ಶಿಸ್ತು ತಂದವರಲ್ಲಿ ಎಂ.ಎಂ. ಕಲಬುರ್ಗಿಯವರಿಗೆ ನಾನು ಮೊದಲ ಸಾಲಿನ ಜಾಗ ಕೊಡುತ್ತೇನೆ. ‘ಶಾಸನಗಳಲ್ಲಿ ಶಿವಶರಣರು’ ಕೃತಿಯಲ್ಲಿ ಸಾಹಿತ್ಯ ಚರಿತ್ರೆಯನ್ನು ಕಲ್ಲಿನ ಸಾಕ್ಷಿಗೆ ಒಡ್ಡಿದರು. ಧಾರವಾಡ, ವಿಜಾಪುರ ಜಿಲ್ಲೆಗಳ ಶಾಸನಸೂಚಿಗಳನ್ನು ಮಾಡಿ ಊರಿಂದೂರಿಗೆ ದಾರಿ ಹಾಕಿಕೊಟ್ಟರು. ಕಿತ್ತೂರು ಸಂಸ್ಥಾನಕ್ಕೆ ಸಂಬಂಧಿಸಿದ ಹಾಡು, ಬಖೈರು, ಕಾಗದಪತ್ರಗಳು ಒಂದೆಡೆ ಸೇರಿ ಅಚ್ಚಾಗುವಲ್ಲಿಯೂ ಅವರ ಶ್ರಮವಿದೆ. ಇಂಗ್ಲಿಷ್ ಓದುಗರಿಗೆ ಸದಾಶಿವ ಒಡೆಯರ್ ಅವರು ನ್ಯಾಷನಲ್ ಬುಕ್ ಟ್ರಸ್ಟಿಗೆ ಬರೆದ ಚೆನ್ನಮ್ಮನ ಜೀವನಚರಿತ್ರೆ ಇದೆ. ಚೆನ್ನಮ್ಮನ ಬಗ್ಗೆ ಈಗ ಬರುವ ಬಹಳಷ್ಟು ಪುಸ್ತಕಗಳು ಈ ಹಿಂದಿನವರ ಬೆನ್ನ ಮೇಲೆ ಕೂತು ಸಾಗುತ್ತಿವೆ. ಹೊಸ ದಾಖಲೆ ತಂದವು ವಿರಳ. ಈ ಸೀಮೆಯ ಜಾನಪದ ರಂಗಪ್ರಕಾರವಾದ ಸಣ್ಣಾಟದ ಕಡೆ ಕೆಲಸ ಇದಕ್ಕಿಂತ ಚೆನ್ನಾಗಿ ಆಗಿದೆ. ಬೈಲವಾಡದ ಪತ್ತಾರ ಮಾಸ್ತರರ ಸಂಗ್ಯಾ-ಬಾಳ್ಯಾವನ್ನು ಚಂದ್ರಶೇಖರ ಕಂಬಾರರು ಸಂಪಾದಿಸಿದ ಮೇಲೆ ಬೈಲಹೊಂಗಲದ ಒಂದು ಓಣಿಯ ಕಥೆ ಇಡೀ ನಾಡಿನ ರಂಗಭೂಮಿಗೆ ಸೇರಿತು.

ರಾಮದುರ್ಗದ ಪಾಲಿಗೆ ಇಂಥ ಭಾಗ್ಯ ಬರಲಿಲ್ಲ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ್ನು ಮುಗಿಸಿದ್ದು ಈ ತಾಲ್ಲೂಕಿನ ಸುರೇಬಾನದಲ್ಲಿ. 1939ರ ಏಪ್ರಿಲಿನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಸಿಡಿದೆದ್ದದ್ದು ಗಾಂಧೀಜಿಯ ಕಾಲದ ಚಳವಳಿಯಲ್ಲೇ ಬಿರುಸಾದ ಘಟನೆ. ತೊರಗಲ್ಲಿನ ಭೂತನಾಥ ಗುಡಿಗಳ ಗುಂಪು ಹೂಲಿಯ ಪಂಚಲಿಂಗೇಶ್ವರನಷ್ಟೇ ಅಭ್ಯಾಸಕ್ಕೆ ಯೋಗ್ಯ. ಆದರೂ ಇವನ್ನೆಲ್ಲ ಒಟ್ಟಿಗೆ ಹಿಡಿದು ಬರೆದ, ಕೈಗೆತ್ತಿ ಓದಬಹುದಾದ ತಾಲ್ಲೂಕಿನ ಚರಿತ್ರೆಯನ್ನು ವಿದ್ಯಾರ್ಥಿ ಕೇಳಿದರೆ ನಾನು ತೋರಿಸಲಾರೆ. ಕಾರಣ ಸ್ಪಷ್ಟವಿದೆ. ರಾಮದುರ್ಗದ ಭಾವೆಯವರು, ತೊರಗಲ್ಲಿನ ಶಿಂಧೆಯವರು ಮರಾಠಿ ಮನೆತನಗಳು. ಅವರ ಕಾಲದ ಕಾರಭಾರದ ಕಾಗದಗಳು ಮೋಡಿ ಲಿಪಿಯಲ್ಲಿವೆ. ಪುಣೆ, ಕೊಲ್ಲಾಪುರದ ದಫ್ತರಗಳಿಗೆ ಹೋಗಿ ಮೋಡಿ ಓದುವ ಕನ್ನಡ ಸಂಶೋಧಕರು ನಮ್ಮಲ್ಲಿ ತೀರ ಕಡಿಮೆ. ಹಳಗನ್ನಡ ಲಿಪಿ ಕಲಿಸಿದ ನಮ್ಮ ವಿಭಾಗಗಳು ಮೋಡಿಯನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕಿತ್ತು. ಕಿತ್ತೂರು ಸಂಸ್ಥಾನಕ್ಕೂ ಪೇಶ್ವೆಯರಿಗೂ ನಡುವಿನ ವ್ಯವಹಾರ ತಿಳಿಯುವುದಕ್ಕೂ ಬೇರೆ ದಾರಿಯಿಲ್ಲ.

ಇದಕ್ಕಿಂತ ತುರ್ತಿನದು ಕಲ್ಲುಗಳ ಸ್ಥಿತಿ. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿಗೆ ಮಲಪ್ರಭೆಯ ದಂಡೆಯ ಹಳೆಯ ಊರುಗಳು ಹೋದವು. ಅಲ್ಲಿನ ಶಾಸನ, ವೀರಗಲ್ಲುಗಳಲ್ಲಿ ಯಾವುದು ಎಲ್ಲಿ ಉಳಿಯಿತು ಎಂಬ ತಾಳೆಪಟ್ಟಿ ಜನರ ಕೈಗೆ ಸಿಗುವಂತಿರಬೇಕು. ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಕಂಬಗಳಿಗೆ ಆಯಿಲ್ ಪೇಂಟ್ ಬಳಿಯುವುದು, ಗೋಡೆಗೆ ಗ್ರಾನೈಟ್ ಹೊದಿಸುವುದು ಎಲ್ಲ ಕಡೆ ನಡೆದಿದೆ. ಬಣ್ಣ ಅಕ್ಷರದೊಳಗೆ ಕುಳಿತ ಮೇಲೆ ಪಡಿಯಚ್ಚಿನಲ್ಲಿ ಏನೂ ಮೂಡುವುದಿಲ್ಲ. ಭಕ್ತರು ಪ್ರೀತಿಯಿಂದಲೇ ಇದನ್ನು ಮಾಡುತ್ತಾರೆ, ಅವರಿಗೆ ಹೇಳುವವರು ಇಲ್ಲ. ಕಿತ್ತೂರ ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ಉತ್ಸವದ ಮೂರು ದಿನ ಜನಸಾಗರ ಬರುತ್ತದೆ. ಅಲ್ಲಿನ ಕಲ್ಲುಗಳನ್ನು ಓದಿ ತಿಳಿಸುವ ಒಬ್ಬರು ವರ್ಷದ ಉಳಿದ ದಿನಗಳಲ್ಲೂ ಇರುವಂತಾಗಬೇಕು.

ಹಳೆಯ ಪಾಠಗಳನ್ನು ಮತ್ತೆ ಓದಿ ತಿದ್ದುವುದಕ್ಕೆ ಹೊರಗಿನ ಮಾದರಿಯೊಂದಿದೆ. ಗ್ರೀಕ್ ಶಾಸನಗಳ ಸಂಪುಟಗಳನ್ನು ಬರ್ಲಿನ್ನಿನ ಅಕಾಡೆಮಿ 1815ರಲ್ಲಿ ಕೈಗೆತ್ತಿಕೊಂಡಿತು. ಕೈನಕಲುಗಳಿಂದ ಮಾಡಿದ ಆ ಮೊದಲ ಸಂಪುಟಗಳನ್ನೇ ಕೊನೆಯ ಮಾತು ಎಂದು ಅವರು ಕೂರಲಿಲ್ಲ. ಸೀಮೆ ಸೀಮೆಯಾಗಿ ಕಲ್ಲಿನ ಬಳಿಗೆ ಹೋಗಿ ಪಾಠ ತಿದ್ದುವ ಕೆಲಸ ಇಂದಿಗೂ ನಡೆದಿದೆ. ಫ್ಲೀಟ್ ಸರ್ಕಾರದ ಶಾಸನಾಧಿಕಾರಿಯಾಗಿದ್ದ ಕಾಲದಲ್ಲೇ, 1885ರಲ್ಲಿ, ಅಥೆನ್ಸಿನಲ್ಲಿ ಶಾಸನಗಳಿಗೆಂದೇ ಒಂದು ವಸ್ತುಸಂಗ್ರಹಾಲಯ ಆರಂಭವಾಯಿತು. ನಾವು ಮಾತ್ರ ರಟ್ಟರ ವಿಷಯಕ್ಕೆ ನೂರೈವತ್ತು ವರ್ಷದ ಹಿಂದಿನ ಪಾಠಗಳನ್ನೇ ಉದ್ಧರಿಸುತ್ತಿದ್ದೇವೆ. ಸವದತ್ತಿ, ಹೂಲಿ, ಸೊಗಲ, ನೇಸರಗಿ, ಕಾದರವಳ್ಳಿ, ಒಕ್ಕುಂದ, ದೇಗಾಂವ, ತೊರಗಲ್ಲುಗಳಿಂದ ಮರುಓದನ್ನು ಆರಂಭಿಸಬಹುದು. ಲಂಡನ್ನಿಗೆ ಹೋದ ಫ್ಲೀಟರ ಪಡಿಯಚ್ಚುಗಳ ಪ್ರತಿ ತರಿಸಿ, ಅವನ್ನು ಇಂದಿನ ಕಲ್ಲಿನ ಪಕ್ಕದಲ್ಲಿಟ್ಟು ಓದಿದರೆ ಈ ನೂರೈವತ್ತು ವರ್ಷಗಳಲ್ಲಿ ಎಷ್ಟು ಅಕ್ಷರ ಸವೆದಿವೆ ಎಂಬುದು ಮೊದಲ ದಿನವೇ ತಿಳಿಯುತ್ತದೆ. ಬೆಳಗಾವಿ, ಧಾರವಾಡದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ, ಹೊಳೆಯ ನೀರು ಇಳಿದಿರುವಾಗ, ತಾಲ್ಲೂಕಿಗೆ ಒಂದು ತಂಡವಾಗಿ ಹೊರಟರೆ ಈ ಕೆಲಸಕ್ಕೆ ದೊಡ್ಡ ಮೊತ್ತವೇನೂ ಬೇಕಾಗಿಲ್ಲ.