ಹಳೆಯ ಜೀಪಿಗೆ ಹೊಸ ಹೆಡ್ಡು



ಕುಂದೂರಿನ ಕಡೆಯ ಗುಡ್ಡದ ದಾರಿಗಳಲ್ಲಿ ಜೀಪು ಎಂಬುದು ಹಟ್ಟಿಯ ಎತ್ತಿನ ಹಾಗೆ. ತೋಟಕ್ಕೆ ಗೊಬ್ಬರ ಹೊರುವುದು ಅದೇ, ಕಣದಿಂದ ಕಾಫಿ ಮೂಟೆ ಸಾಗಿಸುವುದು ಅದೇ, ಮಳೆಗಾಲದ ರಾತ್ರಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಅದೇ. ಇಂಥ ಜೀಪು ಮುದಿಯಾಗಿ, ಏರು ಹತ್ತುವಾಗ ಏದುಸಿರು ಬಿಡತೊಡಗಿತು ಅನ್ನಿ. ಆಗ "ಹೊಸ ನಮೂನೆ ಹೆಡ್ಡು ಕೂರಿಸಿಬಿಡಿ ಗೌಡ್ರೇ, ಕುದುರೆ ಹಂಗೆ ಓಡುತ್ತೆ" ಎನ್ನುವವರು ಸಂತೆಯಲ್ಲಿ ಸಿಕ್ಕೇ ಸಿಗುತ್ತಾರೆ. ಈ ಮಾತಿನಲ್ಲಿ ನಿಜ ಎಷ್ಟು, ಜೊಳ್ಳು ಎಷ್ಟು? ಉತ್ತರ ಜೀಪಿನ ಚರಿತ್ರೆಯಲ್ಲೇ ಇದೆ. ಇವತ್ತು ಅದನ್ನೇ ನೋಡೋಣ.

ಮೊದಲು ಹೆಡ್ಡು ಅಂದರೆ ಏನು? ಇಂಜಿನ್ನಿನ ಕೆಳಗಿನ ದಪ್ಪ ಎರಕದ ಭಾಗ ಬ್ಲಾಕು. ಅದರಲ್ಲಿ ಕೊರೆದ ಕೊಳವೆಗಳೇ ಸಿಲಿಂಡರು. ಒಳಗೆ ಪಿಸ್ಟನ್ನು ಮೇಲೆ ಕೆಳಗೆ ಆಡುತ್ತದೆ. ಈ ಕೊಳವೆಗಳ ಬಾಯಿಗೆ ಬಿಗಿದ ಗಟ್ಟಿ ಮುಚ್ಚಳವೇ ಸಿಲಿಂಡರು ಹೆಡ್ಡು. ಪೆಟ್ರೋಲು ಬೆರೆತ ಗಾಳಿಯನ್ನು ಪಿಸ್ಟನ್ನು ಈ ಮುಚ್ಚಳದ ಅಡಿಯ ಸಣ್ಣ ಗೂಡಿಗೆ ಅದುಮುತ್ತದೆ. ಅಲ್ಲಿ ಕಿಡಿ ಹಾರಿ ಉರಿ ಹತ್ತುತ್ತದೆ. ಗೂಡು ಕಿರಿದಾದಷ್ಟೂ ಅದುಮುವಿಕೆ ಹೆಚ್ಚು, ಬಲವೂ ಹೆಚ್ಚು. ಗಾಳಿ ಸಲೀಸಾಗಿ ಒಳಗೆ ಬಂದಷ್ಟೂ ಬಲ. ಆದ್ದರಿಂದಲೇ ಇಂಜಿನ್ನಿಗೆ ಬಲ ಬೇಕೆಂದವರೆಲ್ಲ ಮೊದಲು ಹೆಡ್ಡಿನ ಮೇಲೆ ಕಣ್ಣು ಹಾಕಿದರು.

ಈ ಆಸೆ ಇಂದಿನದಲ್ಲ. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ 'ಟಿ' ಮೋಟಾರಿಗೆ ಇದ್ದದ್ದು 20 ಅಶ್ವಶಕ್ತಿ. ಅದರ ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೆ. ಷೆವ್ರೊಲೆ ಸಹೋದರರು 1920ರ ದಶಕದಲ್ಲಿ 'ಫ್ರಾಂಟೆನಾಕ್' ಎಂಬ ಹೆಸರಿನಲ್ಲಿ, ವಾಲ್ವುಗಳು ಮೇಲ್ಗಡೆ ಇರುವ ಹೆಡ್ಡುಗಳನ್ನು ಅದೇ ಫೋರ್ಡ್ ಬ್ಲಾಕಿಗೆ ಮಾಡಿ ಮಾರಿದರು. ಪಂದ್ಯದ ಮೋಟಾರುಗಳಿಗೆ ಅವು ಹೆಸರಾದವು. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ 1919ರಲ್ಲಿ ಬೇರೆ ದಾರಿ ಹಿಡಿದರು. ವಾಲ್ವುಗಳು ಪಕ್ಕದಲ್ಲೇ ಇರಲಿ, ಮುಚ್ಚಳದ ಗೂಡಿನ ಆಕಾರ ಮಾತ್ರ ಬದಲಾಗಲಿ ಎಂದರು. ಗಾಳಿ ಸುಂಟರಗಾಳಿಯ ಹಾಗೆ ಸುಳಿದು ಬೇಗ ಉರಿಯುವಂತೆ ಗೂಡನ್ನು ರೂಪಿಸಿದರು. ಪಕ್ಕದ ವಾಲ್ವಿನ ಇಂಜಿನ್ನುಗಳಿಗೆ ಅದರಿಂದ ಹೊಸ ಆಯುಸ್ಸು ಬಂತು.

ಇನ್ನು ನಮ್ಮ ಜೀಪಿಗೆ ಬರೋಣ. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಟೊಲೆಡೊ ಊರಿನ ವಿಲ್ಲಿಸ್ ಕಂಪನಿ ಇದನ್ನು ತಯಾರಿಸಿತು. ಸೈನ್ಯದ ದಫ್ತರದಲ್ಲಿ ಇದರ ಹೆಸರು 'ಕಾಲು ಟನ್ನಿನ ಟ್ರಕ್ಕು'. ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಅದರ ಇಂಜಿನ್ನಿಗೆ ನಾಲ್ಕು ಸಿಲಿಂಡರು, 60 ಅಶ್ವಶಕ್ತಿ. ವಿಲ್ಲಿಸ್‌ನ ಮುಖ್ಯ ಇಂಜಿನಿಯರ್ ಬಾರ್ನಿ ರೂಸ್ ಅವರು 48 ಅಶ್ವಶಕ್ತಿಯ ಹಳೆಯ ಇಂಜಿನ್ನನ್ನೇ ತಿದ್ದಿ ತಿದ್ದಿ ಆ ಮಟ್ಟಕ್ಕೆ ತಂದಿದ್ದರು. ವಾಲ್ವುಗಳೆಲ್ಲ ಪಕ್ಕದಲ್ಲಿ, ಹೆಡ್ಡು ಬರಿಯ ಚಪ್ಪಟೆ ಮುಚ್ಚಳ. ಆರೂವರೆ ಸೇರು ಗಾಳಿಯನ್ನು ಒಂದು ಸೇರಿನ ಜಾಗಕ್ಕೆ ಅದುಮುವಷ್ಟು ಅದರ ಒತ್ತಡ.

1949ರಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಜೀಪು ಜೋಡಿಸಿದರು. ಅತ್ತ ವಿಲ್ಲಿಸ್ ಕಂಪನಿ 1950ರಲ್ಲಿ 'ಹರಿಕೇನ್' ಎಂಬ ಇಂಜಿನ್ನು ಹೊರತಂದಿತು. ಸಿಲಿಂಡರಿನ ಅಳತೆ ಹಳೆಯದೇ: ಅಗಲ 3 1/8 ಅಂಗುಲ, ಪಿಸ್ಟನ್ನಿನ ಓಟ 4 3/8 ಅಂಗುಲ. ಬದಲಾದದ್ದು ತಲೆ. ಗಾಳಿ ಒಳಬರುವ ವಾಲ್ವು ಹೆಡ್ಡಿಗೆ ಹೋಯಿತು. ಹೊಗೆ ಹೋಗುವ ವಾಲ್ವು ಬ್ಲಾಕಿನಲ್ಲೇ ಉಳಿಯಿತು. ಒಲೆ ಊದುವ ತಾಯಂದಿರಿಗೆ ಇದು ಬೇಗ ಅರ್ಥವಾದೀತು. ಸೊಟ್ಟ ಊದುಗೊಳವೆಗಿಂತ ನೇರ ಊದುಗೊಳವೆಯಲ್ಲಿ ಗಾಳಿ ಚೆನ್ನಾಗಿ ಹರಿಯುತ್ತದಲ್ಲವೇ? ಹಾಗೆಯೇ ಇದು. ಬಲ 70ರಿಂದ 75 ಅಶ್ವಶಕ್ತಿಯ ಹತ್ತಿರ ಬಂತು.

ಆದರೆ ಹೊಸ ಹೆಡ್ಡು ಎತ್ತರದ್ದು. ಕಾರ್ಬುರೇಟರು ಅದರ ನೆತ್ತಿಯ ಮೇಲೆ ಕೂತಿತು. ಹಳೆಯ ಬಾನೆಟ್ಟು ಮುಚ್ಚಲಿಲ್ಲ. ಅದಕ್ಕೇ 1953ರ ಸಿ.ಜೆ. 3ಬಿ ಜೀಪಿಗೆ ಬಾನೆಟ್ಟನ್ನು ಎತ್ತರಿಸಿದರು. ಮಹೀಂದ್ರದವರು ನಮ್ಮ ದೇಶದಲ್ಲಿ ದೀರ್ಘಕಾಲ ತಯಾರಿಸಿದ್ದು ಈ ನಮೂನೆಯನ್ನೇ. ನಮ್ಮ ಕಡೆಯ ಹಳೆಯ ಜೀಪುಗಳ ಮೂತಿ ಎತ್ತರವಾಗಿ ಕಾಣುವುದಕ್ಕೆ ಕಾರಣ ಇದು.

ಮಲೆನಾಡಿನಲ್ಲಿ ಈ ಹತ್ತು ಹದಿನೈದು ಅಶ್ವಶಕ್ತಿಗೆ ಯಾಕೆ ಅಷ್ಟು ಬೆಲೆ? ಸಕಲೇಶಪುರ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿದೆ. ಮೇಲೇರಿದಂತೆ ಗಾಳಿ ತೆಳುವು. ಸಾವಿರ ಅಡಿಗೆ ನೂರಕ್ಕೆ ಸುಮಾರು ಮೂರು ಪಾಲು ಬಲ ಕಳೆಯುತ್ತದೆ. ಮಂಗಳೂರಿನಲ್ಲಿ 60 ಇದ್ದದ್ದು ಇಲ್ಲಿ 54ರ ಆಸುಪಾಸು. ಹಾಸನ-ಮಂಗಳೂರು ರೈಲುದಾರಿ 1979ರಲ್ಲಿ ಮುಗಿಯುವ ತನಕ ಘಟ್ಟದ ಸರಕೆಲ್ಲ ರಸ್ತೆಯಲ್ಲೇ ಇಳಿಯಬೇಕಿತ್ತು. ತೋಟದಿಂದ ಆ ರಸ್ತೆಯವರೆಗೂ ಕೆಸರು, ಏರು, ತಿರುವು. ಬಲ ಬೇಕೆಂಬ ಆಸೆ ತಪ್ಪಲ್ಲ.

ಹಾಗಾದರೆ ಹಳೆಯ ಚಪ್ಪಟೆ ಹೆಡ್ಡಿನ ಬ್ಲಾಕಿಗೆ ಹರಿಕೇನ್ ಹೆಡ್ಡು ತಂದು ಕೂರಿಸಬಹುದೇ? ಆಗುವುದಿಲ್ಲ. ಸಿಲಿಂಡರಿನ ಅಳತೆ ಒಂದೇ ಆದರೂ ಬ್ಲಾಕು ಬೇರೆ. ಹಳೆಯ ಬ್ಲಾಕಿನಲ್ಲಿ ಗಾಳಿಯ ವಾಲ್ವಿಗೆ ಪೀಠ ಉಂಟು; ಹೊಸದರಲ್ಲಿ ಅದರ ಬದಲು ಮೇಲಿನ ವಾಲ್ವನ್ನು ತಳ್ಳುವ ಕಡ್ಡಿಗಳಿಗೆ ದಾರಿ ಉಂಟು. ತಯಾರಿಸಿದವರೇ ಬರಿಯ ಮುಚ್ಚಳ ಬದಲಿಸಿ ಕೈತೊಳೆದುಕೊಳ್ಳಲಿಲ್ಲ, ಕೆಳಗಿನದನ್ನೂ ತಿದ್ದಿದರು. ಬದಲಿಸುವುದಾದರೆ ಇಡೀ ಇಂಜಿನ್ನನ್ನೇ ಬದಲಿಸಬೇಕು, ಬಾನೆಟ್ಟನ್ನೂ ಎತ್ತರಿಸಬೇಕು. ಇಂಜಿನ್ ಸಂಖ್ಯೆ ಬದಲಾಗುವುದರಿಂದ ಆರ್.ಟಿ.ಓ. ಕಚೇರಿಯಲ್ಲಿ ಅನುಮತಿ ಪಡೆದು ವಾಹನದ ದಾಖಲೆಯಲ್ಲಿ ಬರೆಸಬೇಕು. ಇಲ್ಲವಾದರೆ ಅಪಘಾತವಾದ ದಿನ ವಿಮೆಯ ಹಣಕ್ಕೆ ತಕರಾರು ಬರುತ್ತದೆ.

ಇನ್ನು ಕೆಲವರು ಹಳೆಯ ಹೆಡ್ಡನ್ನೇ ಲೇತಿನವರಲ್ಲಿ ತೆಳ್ಳಗೆ ಸವೆಸಿ ಒತ್ತಡ ಏರಿಸುತ್ತಾರೆ. "ತಲೆ ಗಟ್ಟಿ ಅಂತ ಬಂಡೆ ಹಾಯಬೇಡ" ಎಂಬ ಗಾದೆ ಇಲ್ಲಿ ನೆನಪಿರಲಿ. ಒತ್ತಡ ಏರಿದರೆ ಅದರ ಏಟು ಬೀಳುವುದು ಕೆಳಗಿನ ಸವೆದ ಬೇರಿಂಗಿಗೆ, ಪಿಸ್ಟನ್ನಿಗೆ. ಮಿತಿಮೀರಿದರೆ ಏರಿನಲ್ಲಿ ಟಣಟಣ ಸದ್ದು ಕೇಳುತ್ತದೆ. ಅದನ್ನು ಅಲಕ್ಷ್ಯ ಮಾಡಿದರೆ ಪಿಸ್ಟನ್ನು ಒಡೆಯುವುದೂ ಉಂಟು.

ಆದ್ದರಿಂದ ದುಡ್ಡು ಬಿಚ್ಚುವ ಮುಂಚೆ ಹೀಗೆ ಮಾಡಿ. ಮೇಸ್ತ್ರಿಗೆ ಹೇಳಿ ನಾಲ್ಕೂ ಸಿಲಿಂಡರಿನ ಒತ್ತಡ ಅಳೆಸಿ. ಒಂದರಲ್ಲಿ ಬಹಳ ಕಡಿಮೆ ಬಂದರೆ ವಾಲ್ವು, ರಿಂಗು ಇಲ್ಲವೇ ಗ್ಯಾಸ್ಕೆಟ್ಟು ಕೆಟ್ಟಿದೆ ಎಂದರ್ಥ. ಅದನ್ನು ರಿಪೇರಿ ಮಾಡಿಸಿದರೆ ಹೋದ ಬಲ ಬಹಳಮಟ್ಟಿಗೆ ಹಿಂದಕ್ಕೆ ಬರುತ್ತದೆ. ಹೆಡ್ಡು ಇಳಿಸಿದಾಗ ಅದು ಸೊಟ್ಟಗಿದೆಯೇ ಎಂದು ನೇರ ಪಟ್ಟಿ ಇಟ್ಟು ನೋಡಲಿ. ಹರಿಕೇನ್ ಇಂಜಿನ್ನಾದರೆ ಕಾರ್ಬುರೇಟರಿನ ಅಡಿಯಲ್ಲಿ ಒಂದು ಬೋಲ್ಟು ಅಡಗಿದೆ. ಅದನ್ನು ಬಿಚ್ಚದೆ ಮೀಟಿದರೆ ಹೆಡ್ಡು ಸೀಳುತ್ತದೆ. ತಿರುಗಿ ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕಲ್ಲ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು.

ನಿಮ್ಮದು ಡೀಸೆಲ್ ಜೀಪಾದರೆ ಅದರ ಲೆಕ್ಕವೇ ಬೇರೆ. ಅದರಲ್ಲಿ ಕಿಡಿ ಇಲ್ಲ, ಇಪ್ಪತ್ತು ಸೇರಿನ ಆಸುಪಾಸು ಗಾಳಿಯನ್ನು ಒಂದು ಸೇರಿಗೆ ಅದುಮಿದ ಬಿಸಿಯಿಂದಲೇ ಉರಿ ಹತ್ತುತ್ತದೆ. ಪೆಟ್ರೋಲಿನ ಹೆಡ್ಡಿಗೂ ಅದಕ್ಕೂ ಸಂಬಂಧವಿಲ್ಲ.

ಕೊನೆಗೆ ಒಂದು ಮಾತು. ಇಂಜಿನ್ನಿಗೆ ಬಲ ತುಂಬಿದವರು ಬ್ರೇಕು ನೋಡುವುದನ್ನು ಮರೆಯುತ್ತಾರೆ. ಹೆಡ್ಡು ಹೊಸದಾದರೂ ಬ್ರೇಕಿನ ಡ್ರಮ್ಮು ಹಳೆಯದೇ. ಏರು ಹತ್ತಿದ ಜೀಪು ಇಳಿಯಲೂ ಬೇಕು. ಅದರ ಹಿಂದೆ ನಮ್ಮ ತೋಟದ ಆಳುಗಳು, ನಮ್ಮ ಮಕ್ಕಳು ಕೂತಿರುತ್ತಾರೆ. ಕಾಫಿ ಕೊಯ್ಲು ಶುರುವಾಗುವ ಮುಂಚೆ, ಹೆಡ್ಡಿಗೆ ಎತ್ತಿಟ್ಟ ಹಣದಲ್ಲಿ ಮೊದಲ ಪಾಲನ್ನು ಬ್ರೇಕಿಗೆ ಹಾಕಿ.